ಹಳಿಗಿಂತ ಮೊದಲು ಬಾಡಿಗೆ ಬರುತ್ತದೆ

ಹೊಸ ಮೆಟ್ರೊ ಮಾರ್ಗದ ನಕ್ಷೆ ಹೊರಬಿದ್ದ ವಾರ ನಗರ ಯೋಜಕರ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಸ್ಟೇಷನ್ ಸರಿಯಾಗಿ ಎಲ್ಲಿ ಬರುತ್ತೆ?" ರೈಲು ಎಷ್ಟು ನಿಮಿಷಕ್ಕೊಂದು ಬರುತ್ತದೆ, ಟಿಕೆಟ್ ಎಷ್ಟು ಎಂದು ಕೇಳುವವರು ಕಡಿಮೆ. ಫೋನ್ ಮಾಡಿದವರಿಗೆ ಬೇಕಾಗಿರುವುದು ಪ್ರಯಾಣ ಅಲ್ಲ, ಜಾಗ. ಅವರ ಲೆಕ್ಕ ತಪ್ಪೂ ಅಲ್ಲ.

ನಾನು ನಿಲ್ದಾಣಗಳ ಸುತ್ತಲಿನ ಜಾಗಕ್ಕೆ ಯೋಜನೆ ಮಾಡುವವನು. ಹಳಿ, ಸುರಂಗ, ಸಿಗ್ನಲ್ ಬೇರೆಯವರ ಕೆಲಸ. ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಮನೆ, ಅಂಗಡಿ, ಕಚೇರಿ, ಕಾಲುದಾರಿ ನನ್ನ ಪಾಲಿಗೆ ಬರುತ್ತವೆ. ಈ ಕೆಲಸದಲ್ಲಿ ಕಲಿತದ್ದು ಇಷ್ಟು: ಮೊದಲ ರೈಲು ಓಡುವ ದಿನಕ್ಕೆ ಆ ಬಡಾವಣೆಯ ಹಣೆಬರಹ ಬರೆದು ಮುಗಿದಿರುತ್ತದೆ. ನೆಲದ ಬಗ್ಗೆ ತೀರ್ಮಾನ ಮಾಡುವುದಿದ್ದರೆ ನಕ್ಷೆ ಹೊರಬೀಳುವ ಮೊದಲೇ ಮಾಡಬೇಕು. ಆಮೇಲೆ ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ.

ಇದು ಹೇಗೆ ನಡೆಯುತ್ತದೆ ನೋಡಿ. ಒಂದು ಮನೆಯಿಂದ ಕೆಲಸದ ಜಾಗಕ್ಕೆ ಒಂದು ಗಂಟೆ ದಾರಿ. ರೈಲು ಬಂದ ಮೇಲೆ ಅರ್ಧ ಗಂಟೆ. ಮನೆಯ ಗೋಡೆ ಅದೇ, ಕಿಟಕಿ ಅದೇ, ಸೋರುವ ಮೂಲೆಯೂ ಅದೇ. ಆದರೆ ಆ ಮನೆಯಲ್ಲಿದ್ದವರಿಗೆ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ಅದಕ್ಕೆ ದುಡ್ಡು ಕೊಡಲು ತಯಾರಿರುವವರು ಇದ್ದಾರೆ ಎಂಬುದು ಮಾಲೀಕರಿಗೆ ಗೊತ್ತು. ಹಾಗಾಗಿ ಉಳಿದ ಸಮಯದ ಬೆಲೆ ನೆಲದ ಬೆಲೆಗೆ ಸೇರಿಕೊಳ್ಳುತ್ತದೆ. ಸ್ವಂತ ಮನೆಯವರಿಗೆ ಅದು ಲಾಭ. ಬಾಡಿಗೆಯವರು ಮಾತ್ರ ರೈಲಿನಲ್ಲಿ ಉಳಿಸಿದ್ದನ್ನು ತಿಂಗಳ ಕೊನೆಗೆ ಮಾಲೀಕರ ಕೈಗೆ ಕೊಟ್ಟುಬಿಡುತ್ತಾರೆ. ಕೊಡಲಾಗದವರು ಇನ್ನೂ ದೂರ, ರೈಲು ಬಾರದ ಕಡೆಗೆ ಮನೆ ಹುಡುಕುತ್ತಾರೆ. ಮಾರ್ಗಕ್ಕೆ ಹಣ ಹಾಕಿದ್ದು ಎಲ್ಲರೂ ಸೇರಿ, ಅಲ್ವಾ? ಲಾಭ ಒಂದೇ ಕಡೆ ಹೋದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ಲಾಭವನ್ನು ಮೊದಲು ಗುರುತಿಸಿದವರು ರೈಲು ಕಂಪನಿಗಳೇ. ಲಂಡನ್ನಿನಲ್ಲಿ 1863ರಲ್ಲಿ ಜಗತ್ತಿನ ಮೊದಲ ಸುರಂಗ ರೈಲು ಓಡಿಸಿದ ಮೆಟ್ರೊಪಾಲಿಟನ್ ರೈಲ್ವೆ, ಮುಂದೆ ತನ್ನ ಮಾರ್ಗದ ಪಕ್ಕದ ಜಮೀನಿನಲ್ಲಿ ಬಡಾವಣೆಗಳನ್ನು ಬೆಳೆಸಿತು. 1915ರಿಂದ ಆ ಸೀಮೆಗೆ 'ಮೆಟ್ರೊಲ್ಯಾಂಡ್' ಎಂದು ಹೆಸರಿಟ್ಟು ಜಾಹೀರಾತು ಕೊಟ್ಟಿತು. ಜಪಾನಿನ ರೈಲು ಉದ್ಯಮಿ ಇಚಿಜೊ ಕೊಬಯಾಶಿ ಇನ್ನೂ ಮುಂದೆ ಹೋದರು. ಒಸಾಕಾದ ಉಮೆದಾದಿಂದ ಹೊರಟ ಅವರ ರೈಲು 1910ರಲ್ಲಿ ಶುರುವಾಯಿತು. ದಾರಿಯಲ್ಲಿ ಜನವಸತಿ ತೀರಾ ಕಡಿಮೆ. ಅದಕ್ಕೇ ಅವರು ಹಳಿ ಪಕ್ಕ ಮನೆ ಕಟ್ಟಿ ಕಂತಿನಲ್ಲಿ ಮಾರಿದರು. ಮಾರ್ಗದ ಒಂದು ತುದಿ ತಕರಾಜುಕಾದಲ್ಲಿ ಮನರಂಜನೆಯ ತಾಣ ಮಾಡಿದರು. ಇನ್ನೊಂದು ತುದಿ ಉಮೆದಾದಲ್ಲಿ 1929ರಲ್ಲಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ತೆರೆದರು. ಬೆಳಿಗ್ಗೆ ಒಂದು ಕಡೆ ತುಂಬಿ ಹೋದ ರೈಲು ವಾಪಸ್ ಖಾಲಿ ಬರಬಾರದು ಎಂದರೆ ಎರಡೂ ತುದಿಯಲ್ಲಿ ಜನರಿಗೆ ಕೆಲಸವಿರಬೇಕು. ಈ ಸರಳ ಲೆಕ್ಕವನ್ನು ಇವತ್ತಿಗೂ ಎಷ್ಟೋ ಯೋಜನೆಗಳು ಮರೆಯುತ್ತವೆ.

ಸರ್ಕಾರವೂ ಇದನ್ನು ಮಾಡಬಹುದು. ಹಾಂಗ್‌ಕಾಂಗ್‌ನಲ್ಲಿ ಮೆಟ್ರೊ ಸಂಸ್ಥೆಗೆ ನಿಲ್ದಾಣದ ಮೇಲೆ, ಪಕ್ಕದಲ್ಲಿ ಕಟ್ಟುವ ಹಕ್ಕು ಸಿಗುತ್ತದೆ. ಅದಕ್ಕೆ ಸಂಸ್ಥೆ ಕೊಡುವುದು ರೈಲು ಬರುವ ಮೊದಲಿನ ಬೆಲೆ. ರೈಲು ತಂದ ಏರಿಕೆಯಲ್ಲಿ ಒಂದು ಪಾಲು ಹೊಸ ಮಾರ್ಗಗಳಿಗೇ ಹೋಗುತ್ತದೆ. ಲಂಡನ್ 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗಕ್ಕೆ, ದೊಡ್ಡ ವಾಣಿಜ್ಯ ಕಟ್ಟಡಗಳಿಂದ 2010ರಲ್ಲೇ ಹೆಚ್ಚುವರಿ ತೆರಿಗೆ ಎತ್ತಲು ಶುರು ಮಾಡಿತ್ತು.

ದುಡ್ಡಿನ ಮಾತು ಒಂದಾದರೆ ಜಾಗದ ಮಾತು ಇನ್ನೊಂದು. ಅಮೆರಿಕದ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ನನಗೆ ತುಂಬ ಇಷ್ಟವಾದ ಉದಾಹರಣೆ. ಅಲ್ಲಿ ಮೆಟ್ರೊವನ್ನು ಹೆದ್ದಾರಿಯ ನಡುವೆ ಒಯ್ಯುವ ಯೋಚನೆ ಇತ್ತು. ಅದು ಅಗ್ಗ. ಸ್ಥಳೀಯ ಆಡಳಿತ ಒಪ್ಪಲಿಲ್ಲ. ವ್ಯಾಪಾರ ಸೊರಗುತ್ತಿದ್ದ ಹಳೇ ಪೇಟೆಬೀದಿಯ ಅಡಿಯಲ್ಲೇ ಸುರಂಗ ಹೋಗಬೇಕು ಎಂದು ಹಟ ಹಿಡಿಯಿತು. 1979ರ ಹೊತ್ತಿಗೆ ರಾಸ್ಲಿನ್‌ನಿಂದ ಬಾಲ್‌ಸ್ಟನ್‌ವರೆಗೆ ಐದು ನಿಲ್ದಾಣಗಳಾದವು. ನಿಲ್ದಾಣದ ಪಕ್ಕ ಎತ್ತರದ ಕಟ್ಟಡಕ್ಕೆ ಅನುಮತಿ, ದೂರ ಹೋದಂತೆ ಎತ್ತರ ಇಳಿಯಬೇಕು. ಕೆಲವೇ ಬೀದಿ ದಾಟಿದರೆ ಇವತ್ತಿಗೂ ಮರಗಳ ನಡುವೆ ಒಂಟಿ ಮನೆಗಳಿವೆ. ಅದೇ ರೈಲು ಹೆದ್ದಾರಿಯ ನಡುವೆ ಹೋಗಿದ್ದರೆ? ನಡೆದು ಬರಬಹುದಾದ ಜಾಗದ ಬಹುಪಾಲನ್ನು ಡಾಂಬರೇ ನುಂಗಿರುತ್ತಿತ್ತು.

"ರೈಲೇ ಬೇಕಾ, ಬಸ್ಸು ಸಾಲದಾ?" ಎಂದು ಕೇಳುತ್ತಾರೆ. ಕಟ್ಟುವವರು ಹಳಿಯನ್ನು ನಂಬುತ್ತಾರೆ, ಯಾಕೆಂದರೆ ಅದನ್ನು ನಾಳೆ ಕಿತ್ತು ಬೇರೆ ಬೀದಿಗೆ ಹಾಕಲು ಆಗುವುದಿಲ್ಲ. ಬಸ್ಸಿನ ದಾರಿ ಬದಲಾಗಬಹುದು. ಬ್ರೆಜಿಲ್‌ನ ಕ್ಯುರಿಟಿಬಾ ಆ ನಂಬಿಕೆಯನ್ನು ಕಾನೂನಿನಿಂದ ತಂದುಕೊಂಡಿತು. ಅಲ್ಲಿ 1974ರಲ್ಲಿ ಬಸ್ಸಿಗೇ ಮೀಸಲಾದ ರಸ್ತೆ ತೆರೆದರು. ಎತ್ತರದ ಕಟ್ಟಡಗಳು ಆ ರಸ್ತೆಗಳ ಪಕ್ಕವೇ ಬರುವಂತೆ ನಿಯಮ ಮಾಡಿದರು. ಅಷ್ಟು ಕಟ್ಟಡ ಎದ್ದ ಮೇಲೆ ಬಸ್ಸನ್ನು ಅಲ್ಲಿಂದ ಎತ್ತುವ ಧೈರ್ಯ ಯಾರಿಗಿದೆ?

ವ್ಯಾಪಾರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ನಿಲ್ದಾಣ ಬಂದರೆ ಎಲ್ಲರಿಗೂ ಒಳ್ಳೆಯದು ಎಂದು. ಚಿಲ್ಲರೆ ಅಂಗಡಿಗೆ ಬೇಕಾದ್ದು ಮುಂದೆ ಹಾದುಹೋಗುವ ಕಾಲುಗಳು. ನಿಲ್ದಾಣದ ಬಾಗಿಲು ಬೀದಿಯ ಯಾವ ಬದಿಗೆ ತೆರೆಯುತ್ತದೆ ಅನ್ನುವುದರ ಮೇಲೆ ಅದರ ಉಳಿವು ನಿಂತಿದೆ. ದೊಡ್ಡ ಕಚೇರಿಗೆ ನಾಲ್ಕೂ ದಿಕ್ಕಿನಿಂದ ಸಿಬ್ಬಂದಿ ಬರಬೇಕು, ಅದಕ್ಕೇ ಅದು ಎರಡು ಮಾರ್ಗ ಕೂಡುವ ಜಾಗ ಹುಡುಕುತ್ತದೆ. ಕೋಪನ್‌ಹೇಗನ್ ಸುತ್ತಮುತ್ತ ಇದು ನಿಯಮವೇ ಆಗಿದೆ: 1,500 ಚದರ ಮೀಟರ್‌ಗಿಂತ ದೊಡ್ಡ ಕಚೇರಿ ಸಾಮಾನ್ಯವಾಗಿ ನಿಲ್ದಾಣದಿಂದ 600 ಮೀಟರ್ ಒಳಗಿರಬೇಕು.

ಆದರೆ ಬಡಗಿಯ ಕಾರ್ಖಾನೆ, ಗ್ಯಾರೇಜು, ವೆಲ್ಡಿಂಗ್ ಶೆಡ್ಡು? ಇವುಗಳ ಗಿರಾಕಿ ರೈಲಿನಲ್ಲಿ ಬರುವುದಿಲ್ಲ, ಮಾಲು ಲಾರಿಯಲ್ಲಿ ಬರುತ್ತದೆ. ಇವಕ್ಕೆ ಬೇಕಾದ್ದು ಅಗಲವಾದ, ಅಗ್ಗದ ಜಾಗ. ಬಾಡಿಗೆ ಏರಿದ ಕೂಡಲೇ ಮೊದಲು ಗಂಟುಮೂಟೆ ಕಟ್ಟುವವರು ಇವರು. ಅಲ್ಲಿ ದುಡಿಯುತ್ತಿದ್ದ ನಾಲ್ಕಾರು ಮಂದಿ, ಸ್ವಂತ ಗಾಡಿ ಇಲ್ಲದವರು, ಇನ್ನು ರೈಲು ಇಲ್ಲದ ಊರಾಚೆಗೆ ಕೆಲಸಕ್ಕೆ ಹೋಗಬೇಕು. ಲಾಭ–ನಷ್ಟದ ವರದಿಗಳಲ್ಲಿ ಈ ಸಾಲು ನನಗೆ ಕಾಣಸಿಗುವುದು ತೀರಾ ಅಪರೂಪ.

ಒಂದು ನಿಲ್ದಾಣದ ಸಮೀಕ್ಷೆ ನೆನಪಾಗುತ್ತದೆ. ನಿಲ್ದಾಣದಿಂದ ಒಂದು ಹಳೆ ಕೇರಿಗೆ ನಕ್ಷೆಯ ಮೇಲೆ 300 ಮೀಟರ್. ನಡೆದರೆ 19 ನಿಮಿಷ. ನಡುವೆ ಒಂದು ಸಂಸ್ಥೆಯ ಕಾಂಪೌಂಡು, ಆಮೇಲೆ ದಾಟಲು ಜಾಗವಿಲ್ಲದ ರಸ್ತೆ. ರಸ್ತೆ ನಡುವಿನ ಕಬ್ಬಿಣದ ಬೇಲಿಯಲ್ಲಿ ಎರಡು ಸರಳುಗಳನ್ನು ಯಾರೋ ಬಗ್ಗಿಸಿ ಸಂದಿ ಮಾಡಿದ್ದರು. ಬೇರೆ ಸರಳುಗಳಿಗೆಲ್ಲ ತುಕ್ಕು. ಆ ಎರಡು ಮಾತ್ರ ಕೈ ಸವರಿ ಸವರಿ ಹೊಳೆಯುತ್ತಿದ್ದವು. ಮಗುವನ್ನು ಸೊಂಟದಲ್ಲಿಟ್ಟುಕೊಂಡ ಒಬ್ಬಾಕೆ ಚೀಲವನ್ನು ಮೊದಲು ದಾಟಿಸಿ, ಆಮೇಲೆ ತಾವು ತೂರಿದರು. ನನ್ನ ಯಾವ ನಕ್ಷೆಯಲ್ಲೂ ಆ ಸಂದಿ ಇರಲಿಲ್ಲ.

ಕಾಂಪೌಂಡಿನಲ್ಲಿ ಎರಡು ಮೀಟರ್ ಅಗಲದ ಗೇಟು, ಎದುರಿಗೆ ಸಿಗ್ನಲ್ ಇರುವ ದಾಟು. ಇಷ್ಟೇ ಕೇಳಿದೆವು, ಕೊಟ್ಟರು. 19 ನಿಮಿಷ 5 ಆಯಿತು. ನಮಗೆಲ್ಲ ಖುಷಿಯೋ ಖುಷಿ. ಕೆಲವು ತಿಂಗಳ ಬಳಿಕ ಅಲ್ಲಿಗೆ ಹೋದಾಗ ಕೇರಿಯ ಬಾಗಿಲುಗಳ ಮೇಲೆ "ಬಾಡಿಗೆಗೆ ಇದೆ" ಎಂಬ ಬೋರ್ಡುಗಳು ಕಂಡವು. ಹಳಬರು ಕೆಲವರು ಖಾಲಿ ಮಾಡಿದ್ದರು. ಚೀಲ ದಾಟಿಸಿದ್ದ ಆಕೆ ಅಲ್ಲೇ ಇದ್ದಾರೋ ಹೋದರೋ, ಕೇಳಲು ನನ್ನ ಬಳಿ ಹೆಸರೂ ಇರಲಿಲ್ಲ.

ಮುಂದಿನ ನಿಲ್ದಾಣದ ವರದಿಯನ್ನು ಬೇರೆ ಕ್ರಮದಲ್ಲಿ ಬರೆದೆವು. ನಿಲ್ದಾಣಕ್ಕೆ ಹತ್ತಿರವಿದ್ದ ಸರ್ಕಾರಿ ಜಾಗ ಮಾರಬಾರದು, ಅದರಲ್ಲಿ ಬಾಡಿಗೆಗೆ ಮಿತಿ ಇರುವ ಮನೆಗಳು ಮೊದಲು ಏಳಬೇಕು ಎಂಬುದು ಮೊದಲ ಪುಟದಲ್ಲಿದೆ. ಶೆಡ್ಡುಗಳಿಗೆ ಜಾಗ ಎಲ್ಲಿ ಎಂಬುದು ಎರಡನೆಯದರಲ್ಲಿ. ಗೇಟಿನ ಚಿತ್ರ ಬರುವುದು ಅದಾದ ಮೇಲೆ.