ಡಿಸ್ಚಾರ್ಜ್ ಚೀಟಿಗೆ ಮನೆಯೊಂದು ಬೇಕು: ಸೂರಿಲ್ಲದ ಬದುಕು ಪೊಲೀಸ್ ದಾಖಲೆಯಿಂದ ಆಸ್ಪತ್ರೆಯ ಲೆಕ್ಕಕ್ಕೆ ಬಂದ ಹಾದಿ

ಕಾಲಿನ ಹುಣ್ಣಿಗೆ ಚಿಕಿತ್ಸೆ ಪಡೆದ ಸಕ್ಕರೆ ಕಾಯಿಲೆಯವರ ಡಿಸ್ಚಾರ್ಜ್ ಚೀಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸೂಚನೆಗಳಿರುತ್ತವೆ. ಕಾಲನ್ನು ಎತ್ತರದಲ್ಲಿಟ್ಟು ಮಲಗಿ, ಗಾಯಕ್ಕೆ ನೀರು ತಾಗಿಸಬೇಡಿ, ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಿ, ಇನ್ಸುಲಿನ್ ತಂಪಾದ ಜಾಗದಲ್ಲಿಡಿ. ಬೀದಿಯಲ್ಲಿ ಮಲಗುವವರಿಗೆ ಇವುಗಳಲ್ಲಿ ಒಂದನ್ನೂ ಸರಿಯಾಗಿ ಪಾಲಿಸಲು ಆಗುವುದಿಲ್ಲ. ಸ್ವಲ್ಪ ದಿನದಲ್ಲೇ ಅದೇ ಕಾಲು ಕೀವು ತುಂಬಿಕೊಂಡು ಅದೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಮರಳುತ್ತದೆ. ಇದು ವೈದ್ಯರು ನೋಡಬೇಕಾದ್ದೋ, ವಸತಿ ಇಲಾಖೆಯದ್ದೋ, ಪೊಲೀಸರದ್ದೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿತು. ಹಳೆಯದನ್ನು ತೆಗೆಯದೆ ಹೊಸದನ್ನು ಅದರ ಮೇಲೇ ಹೇರುತ್ತ ಹೋಗಿದ್ದರಿಂದ ವಿಷಯ ಇಷ್ಟು ಗೋಜಲಾಗಿದೆ.

ಮೊದಲ ಐದು ಶತಮಾನಗಳನ್ನು ಬೇಗ ಮುಗಿಸಬಹುದು, ಏಕೆಂದರೆ ಉತ್ತರ ಬದಲಾಗಲೇ ಇಲ್ಲ: ನೆಲೆಯಿಲ್ಲದೆ ಅಲೆಯುವವನು ಅಪರಾಧಿ. ಪ್ಲೇಗ್ ಮಹಾಮಾರಿಯ ನಂತರ ಕೂಲಿಗೆ ಆಳು ಸಿಗದಾದಾಗ, 1349ರಲ್ಲಿ, ಇಂಗ್ಲೆಂಡ್ ದುಡಿಯಬಲ್ಲವರನ್ನು ಕೆಲಸಕ್ಕೆ ಕಟ್ಟಿಹಾಕುವ ಶಾಸನ ತಂದಿತು. 1547ರ ಕಾನೂನಿನಲ್ಲಿ ಅಲೆಮಾರಿಯ ಎದೆಯ ಮೇಲೆ ‘ವಿ’ ಅಕ್ಷರದ (ಅಲೆಮಾರಿ ಎಂಬರ್ಥದ ಇಂಗ್ಲಿಷ್ ಪದದ ಮೊದಲಕ್ಷರ) ಬರೆ ಹಾಕಿ ಎರಡು ವರ್ಷ ಗುಲಾಮನಾಗಿಸಲು ಅವಕಾಶವಿತ್ತು. 1824ರ ಅಲೆಮಾರಿ ಕಾಯ್ದೆ ಬಂದದ್ದು ನೆಪೋಲಿಯನ್ ಯುದ್ಧಗಳು ಮುಗಿದು ಸೈನಿಕರು ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದ ದಿನಗಳಲ್ಲಿ. ಆ ಮಾದರಿಯ ಕಾನೂನುಗಳು ವಸಾಹತುಗಳಿಗೂ ಹರಡಿದವು.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಚಿತ್ರ ಬದಲಾಯಿತು. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರನ್ನು ಹೊರಗೆ ಕಳಿಸಿ ಊರೂರಿನಲ್ಲಿ ಮಾನಸಿಕ ಆರೋಗ್ಯ ಕೇಂದ್ರ ತೆರೆಯುವುದು 1963ರ ಕಾಯ್ದೆಯ ಆಶಯ. ಹಾಸಿಗೆಗಳು ಬೇಗ ಖಾಲಿಯಾದವು, ಕೇಂದ್ರಗಳು ಮಾತ್ರ ಯೋಜನೆಯ ಸುಮಾರು ಅರ್ಧದಷ್ಟೇ ಎದ್ದವು. ಬೀದಿಗೆ ಬಂದವರೆಲ್ಲ ಈ ಆಸ್ಪತ್ರೆಗಳಿಂದ ಬಂದವರೇ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಅರ್ಧ ಸತ್ಯ. ಅದೇ ದಶಕಗಳಲ್ಲಿ ನಗರಗಳ ನಡುಭಾಗದಲ್ಲಿದ್ದ ಅಗ್ಗದ ಒಂಟಿ ಕೋಣೆಯ ವಸತಿಗೃಹಗಳನ್ನು ಕೆಡವಲಾಯಿತು. ಕಾಯಿಲೆ ಇದ್ದೂ ಕಡಿಮೆ ಬಾಡಿಗೆಗೆ ಬದುಕುತ್ತಿದ್ದವರಿಗೆ ಇದ್ದ ಕೊನೆಯ ಮೆಟ್ಟಿಲು ಅದು.

ನಿಜವಾದ ತಿರುವು 1985ರದ್ದು. ಆ ವರ್ಷ ಅಮೆರಿಕದ 19 ನಗರಗಳಲ್ಲಿ ಎರಡು ದತ್ತಿ ಸಂಸ್ಥೆಗಳ ಹಣದಿಂದ ಸೂರಿಲ್ಲದವರಿಗೆಂದೇ ಚಿಕಿತ್ಸಾ ತಂಡಗಳು ಶುರುವಾದವು. ಬೋಸ್ಟನ್ನಿನ ಪೈನ್ ಸ್ಟ್ರೀಟ್ ಇನ್ ಎಂಬ ತಂಗುದಾಣಕ್ಕೆ ಬಂದ ಯುವ ವೈದ್ಯ ಜಿಮ್ ಓ'ಕಾನೆಲ್ ಅವರಿಗೆ ಅಲ್ಲಿನ ನರ್ಸ್‌ಗಳು ಮೊದಲು ಕೊಟ್ಟ ಕೆಲಸ ಬಂದವರ ಕಾಲು ತೊಳೆಯುವುದು. ಅದರಲ್ಲಿ ದೊಡ್ಡ ವೈದ್ಯಕೀಯ ತಿಳಿವಳಿಕೆ ಇತ್ತು.

ಮಲಗಲು ಜಾಗ ಸಿಗದವರು ಬೆಂಚಿನ ಮೇಲೆ ಕೂತೇ ನಿದ್ದೆ ಮಾಡುತ್ತಾರೆ. ರಾತ್ರಿಯಿಡೀ ಕಾಲು ಕೆಳಗೆ ಜೋತುಬಿದ್ದರೆ ರಕ್ತ ಮೇಲಕ್ಕೆ ಏರದೆ ಪಾದ ಬಾತುಕೊಳ್ಳುತ್ತದೆ, ಚರ್ಮ ಬಿಗಿದು ಬಿರಿಯುತ್ತದೆ. ಕಳವಾಗುವ ಭಯಕ್ಕೆ ಶೂ ಬಿಚ್ಚುವುದಿಲ್ಲ, ಒಳಗಿನ ಕಾಲುಚೀಲ ಒದ್ದೆಯಾಗಿಯೇ ಇರುತ್ತದೆ. ಬೆರಳ ಸಂದಿಯ ಸಣ್ಣ ಬಿರುಕಿನಿಂದ ಸೋಂಕು ಒಳಸೇರಿ ಮೊಣಕಾಲಿನತ್ತ ಕೆಂಪಗೆ ಏರುತ್ತದೆ. ಚಳಿ ಸೇರಿದರೆ ರಕ್ತನಾಳಗಳು ಕುಗ್ಗಿ ಪಾದ ಬಿಳಚಿಕೊಂಡು ಮರಗಟ್ಟುತ್ತದೆ. ಇದಕ್ಕೆ ಹಿಮ ಬೀಳಬೇಕಿಲ್ಲ. ಸತತವಾಗಿ ಒದ್ದೆ ಇದ್ದರೆ 15 ಡಿಗ್ರಿ ಸೆಲ್ಸಿಯಸ್‌ನಲ್ಲೂ ಆಗುತ್ತದೆ.

ಆರೈಕೆಯ ಕ್ರಮ ಸರಳ, ಆದರೆ ತಪ್ಪಿದರೆ ಅಪಾಯ. ನೀರು ಉಗುರುಬೆಚ್ಚಗಿರಬೇಕು, ಅದನ್ನು ಆರೈಕೆ ಮಾಡುವವರೇ ಮೊಣಕೈ ಅದ್ದಿ ನೋಡಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ಗೊತ್ತಾಗದೆ ಬೊಬ್ಬೆ ಏಳಬಹುದು. ತೆರೆದ ಹುಣ್ಣಿದ್ದರೆ ನೆನೆಸುವಂತಿಲ್ಲ. ಒರೆಸುವಾಗ ಉಜ್ಜದೆ ಒತ್ತಿ, ಬೆರಳ ಸಂದಿಗಳನ್ನು ಪೂರ್ತಿ ಒಣಗಿಸಬೇಕು. ಕೊಡುವ ಕಾಲುಚೀಲ ಎರಡು ಜೊತೆ ಇರಲಿ, ಒಂದು ಒಣಗುವಾಗ ಇನ್ನೊಂದು ಬೇಕು. ಶೂ ಅಳತೆ ತೆಗೆಯುವುದು ಸಂಜೆ, ಪಾದ ಊದಿಕೊಂಡಿರುವಾಗ. ಕಾಲು ತೊಳೆಯುವ ಆ ಹೊತ್ತಿನಲ್ಲೇ ವರ್ಷಗಟ್ಟಲೆ ವೈದ್ಯರ ಮುಖ ನೋಡದವರು ಎದೆನೋವಿನ ಮಾತೆತ್ತುತ್ತಾರೆ.

ಔಷಧಿಯದ್ದು ಇನ್ನೊಂದು ಕಥೆ. ‘ರೋಗಿ ಮಾತ್ರೆ ನುಂಗುವುದಿಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆದದ್ದನ್ನು ಬಿಡಿಸಿ ನೋಡಿದರೆ ಬಹಳ ಸಲ ಅಲ್ಲಿ ತರ್ಕವಿರುತ್ತದೆ. ಬಿ.ಪಿ.ಗೆ, ಹೃದಯಕ್ಕೆ ಕೊಡುವ ನೀರಿಳಿಸುವ ಮಾತ್ರೆ ನುಂಗಿದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕು. ಶೌಚಾಲಯವೇ ಇಲ್ಲದವರು ಅದನ್ನು ಬಿಡುತ್ತಾರೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಗಾಢ ನಿದ್ದೆ ತರುತ್ತವೆ. ರಾತ್ರಿ ಎಚ್ಚರವಾಗಿರುವುದೇ ರಕ್ಷಣೆಯಾಗಿರುವ ಹೆಣ್ಣಿಗೆ ಆ ನಿದ್ದೆಯೇ ಅಪಾಯ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಸಿಗದಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ, ನೋಡಿದವರು ಕುಡಿದು ಬಿದ್ದಿದ್ದಾನೆ ಎನ್ನುತ್ತಾರೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ ಬೇಕು. ಜಾಗ ಖಾಲಿ ಮಾಡಿಸಿದ ದಿನ ಚೀಲದ ಜೊತೆ ಮಾತ್ರೆಯೂ ಹೋಗುತ್ತದೆ, ನಡುವೆ ನಿಂತ ಚಿಕಿತ್ಸೆಯಿಂದ ಔಷಧಿಗೆ ಬಗ್ಗದ ಕ್ಷಯ ಹುಟ್ಟಬಹುದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ್ದ, ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಕೂರೆಯಿಂದ ಹರಡುವ ಜ್ವರ 1990ರ ದಶಕದಲ್ಲಿ ಸಿಯಾಟಲ್ ಮತ್ತು ಮಾರ್ಸೇಲ್ ನಗರಗಳ ಸೂರಿಲ್ಲದವರಲ್ಲಿ ಮತ್ತೆ ಕಾಣಿಸಿಕೊಂಡಿತು.

ಇದನ್ನೆಲ್ಲ 1988ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಮೂರಾಗಿ ವಿಂಗಡಿಸಿತು: ಮನೆ ಕಳೆಯುವ ಕಾಯಿಲೆಗಳು, ಮನೆ ಕಳೆದದ್ದರಿಂದ ಬರುವ ಕಾಯಿಲೆಗಳು, ಮನೆಯಿಲ್ಲದೆ ಚಿಕಿತ್ಸೆ ಕೊಡಲಾಗದ ಕಾಯಿಲೆಗಳು. ಆ ಮೂರನೆಯದಕ್ಕೆ ಈಗಲೂ ಸಾಕಷ್ಟು ಗಮನ ಸಿಕ್ಕಿಲ್ಲ.

ಸಾವಿನ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2018ರ ಅಧಿಕೃತ ಅಂದಾಜಿನಲ್ಲಿ ಸೂರಿಲ್ಲದವರ 726 ಸಾವುಗಳಿದ್ದು, ಸತ್ತ ಗಂಡಸರ ಸರಾಸರಿ ವಯಸ್ಸು 45, ಹೆಂಗಸರದ್ದು 43. ಇದು ಜೀವಿತಾವಧಿಯಲ್ಲ. ಬೀದಿಯಲ್ಲಿ ಮುದುಕರೇ ಕಡಿಮೆ ಇರುವಾಗ ಸತ್ತವರ ಸರಾಸರಿ ವಯಸ್ಸು ಹೇಗೂ ತಗ್ಗುತ್ತದೆ. ಸರಿಯಾದ ಅಳತೆ ಒಂದೇ ವಯಸ್ಸಿನ ಇತರರ ಜೊತೆಗಿನ ಹೋಲಿಕೆ. ಹಾಗೆ ಹೋಲಿಸಿದ ಅಧ್ಯಯನಗಳಲ್ಲೂ ಸಾವಿನ ಪ್ರಮಾಣ ಕೆಲವು ಪಟ್ಟು ಹೆಚ್ಚೇ ಇದೆ.

ಖರ್ಚಿನ ಮಾತು ಬಂದದ್ದು ಆಮೇಲೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ತ್ಸೆಂಬೆರಿಸ್ ಕ್ರಮವನ್ನೇ ತಿರುಗಿಸಿದರು. ಅಲ್ಲಿಯವರೆಗೆ ಕುಡಿತ ಬಿಟ್ಟರೆ ತಂಗುದಾಣ, ಮಾತ್ರೆ ನುಂಗಿದರೆ ಕೋಣೆ, ಎಲ್ಲ ಸರಿಯಿದ್ದರೆ ಕೊನೆಗೆ ಮನೆ. ಅವರದ್ದು ಮೊದಲು ಮನೆ, ಉಳಿದದ್ದು ಆಮೇಲೆ. ಐದು ವರ್ಷಗಳ ನಂತರ ಅವರ ಯೋಜನೆಯಲ್ಲಿ ಶೇ 88ರಷ್ಟು ಜನ ಮನೆಯಲ್ಲೇ ಉಳಿದಿದ್ದರು; ಹಳೆಯ ಕ್ರಮದಲ್ಲಿ ಶೇ 47. 2002ರಲ್ಲಿ ಅದೇ ನಗರದಲ್ಲಿ ತೀವ್ರ ಮಾನಸಿಕ ಕಾಯಿಲೆಯಿದ್ದ 4,679 ಜನರ ದಾಖಲೆಗಳನ್ನು ಜೋಡಿಸಿ ನೋಡಲಾಯಿತು. ಮನೆ ಸಿಗುವ ಮುಂಚೆ ಆಸ್ಪತ್ರೆ, ತಂಗುದಾಣ, ಜೈಲು ಸೇರಿ ಒಬ್ಬರಿಗೆ ವರ್ಷಕ್ಕೆ ಸುಮಾರು 40,500 ಡಾಲರ್ ಖರ್ಚಾಗುತ್ತಿತ್ತು. ಮನೆ ಮತ್ತು ಆರೈಕೆಗೆ ತಗುಲಿದ್ದು 17,277 ಡಾಲರ್, ಅದರಿಂದ ತಗ್ಗಿದ ಇತರ ಖರ್ಚು 16,281.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಕೆನಡಾದ ಐದು ನಗರಗಳ ಪ್ರಯೋಗದಲ್ಲಿ, ಅತಿ ಹೆಚ್ಚು ಖರ್ಚು ತರುತ್ತಿದ್ದ ಶೇ 10ರಷ್ಟು ಜನರ ಮೇಲೆ ಹಾಕಿದ ಪ್ರತಿ 10 ಡಾಲರಿಗೆ 21.72 ಡಾಲರ್ ಉಳಿಯಿತು. ಮಧ್ಯಮ ಅಗತ್ಯದವರಲ್ಲಿ ಉಳಿದದ್ದು 3.42 ಮಾತ್ರ. ಉಳಿತಾಯವೂ ಕೈಗೆ ಬರುವ ಹಣವಲ್ಲ: ಮನೆಗೆ ಖರ್ಚು ಮಾಡುವುದು ಒಂದು ಇಲಾಖೆ, ಹಾಸಿಗೆ ಖಾಲಿಯಾಗುವುದು ಇನ್ನೊಂದರಲ್ಲಿ, ಆ ಹಾಸಿಗೆಗೆ ಅಂದೇ ಬೇರೆ ರೋಗಿ ಬರುತ್ತಾನೆ. ಮೇಲಾಗಿ, ಶಾಲೆ ಬದಲಿಸುತ್ತಲೇ ಹೋಗುವ ಮಗು, ಕಳೆದ ಗುರುತಿನ ಚೀಟಿಯಿಂದ ನಿಂತ ಪಿಂಚಣಿ, ವಿಳಾಸವಿಲ್ಲವೆಂದು ತಪ್ಪಿದ ಕೆಲಸ ಯಾವ ಇಲಾಖೆಯ ಪುಸ್ತಕದಲ್ಲೂ ಇರುವುದಿಲ್ಲ. ಮನೆ ಕೊಡಲು ಉಳಿತಾಯವೊಂದೇ ಕಾರಣವೆಂದು ವಾದಿಸಿದವರು ತಮ್ಮ ವಾದವನ್ನೇ ದುರ್ಬಲಗೊಳಿಸಿಕೊಂಡರು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವರದಿ ಎಚ್‌ಐವಿ ಇರುವವರನ್ನು ಬಿಟ್ಟರೆ ಮನೆ ಕೊಟ್ಟದ್ದರಿಂದ ಆರೋಗ್ಯ ಸುಧಾರಿಸಿತು ಎನ್ನಲು ಗಟ್ಟಿ ಪುರಾವೆ ಸಾಲದು ಎಂದಾಗ ವಿರೋಧಿಗಳಿಗೆ ಅಸ್ತ್ರ ಸಿಕ್ಕಿತು. ಹತ್ತು ವರ್ಷ ಬೀದಿಯಲ್ಲಿ ಸವೆದ ಹೃದಯ, ಶ್ವಾಸಕೋಶ ಎರಡು ವರ್ಷದ ಅಧ್ಯಯನದೊಳಗೆ ಮರಳುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೆಚ್ಚು ಚರ್ಚಿಸಲಿಲ್ಲ.

ಫಿನ್ಲೆಂಡ್ 2008ರಿಂದ ತಂಗುದಾಣಗಳನ್ನೇ ಮನೆಗಳಾಗಿ ಬದಲಿಸಿ ದೀರ್ಘಕಾಲ ಬೀದಿಯಲ್ಲಿದ್ದವರ ಸಂಖ್ಯೆಯನ್ನು ಬಹಳ ಇಳಿಸಿತು. ಇನ್ನೊಂದು ಕಡೆ 1349ರ ಉತ್ತರವೂ ಸತ್ತಿಲ್ಲ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆರೆಗಾನ್‌ನ ಗ್ರ್ಯಾಂಟ್ಸ್ ಪಾಸ್ ಪಟ್ಟಣದ ಪ್ರಕರಣದಲ್ಲಿ, ಹೊರಗೆ ಮಲಗುವವರಿಗೆ ದಂಡ ಹಾಕುವುದನ್ನು ಎತ್ತಿಹಿಡಿಯಿತು. ಆ ಪ್ರಕರಣದ ಹೊತ್ತಿಗೆ ಅಲ್ಲಿನ ದಂಡ 295 ಡಾಲರ್ ಇತ್ತು, ಕಟ್ಟದಿದ್ದರೆ 537.60. ಬಾಕಿ ಸಾಲವಾಗಿ ಹೆಸರಿಗೆ ಅಂಟಿಕೊಂಡರೆ, ಬಾಡಿಗೆ ಮನೆಗೆ ಅರ್ಜಿ ಹಾಕಿದಾಗ ಮಾಲೀಕರು ಮೊದಲು ನೋಡುವುದು ಅದನ್ನೇ.