ಪ್ರೀತಿ ಕೊಟ್ಟರೂ ಹತ್ತಿರ ಬರದ ಮಗು

"ಏನು ಕಡಿಮೆ ಮಾಡಿದ್ದೀವಿ ಹೇಳಿ ಮೇಡಂ? ಊಟ, ಬಟ್ಟೆ, ಸ್ಕೂಲು ಎಲ್ಲಾ ಇದೆ. ಆದ್ರೂ ಕದೀತಾಳೆ, ಬೈದ್ರೆ ಕಲ್ಲಿನ ಥರ ನಿಂತ್ಕೋತಾಳೆ."

ಕೊಡಗಿನಲ್ಲಿ ಮಕ್ಕಳ ಮನಸ್ಸಿನ ತೊಂದರೆ ನೋಡುವ ನನಗೆ ಇದು ದಿನನಿತ್ಯದ ದೂರು. ಹೇಳುವವರು ಹೆಚ್ಚಾಗಿ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರು. ಮನೆ ಒಡೆದಾಗ ಮಗು ಮೊದಲು ಬಂದು ಸೇರುವುದು ಅವರ ಮಡಿಲಿಗೇ ಅಲ್ವಾ. ಅವರ ದುಃಖ ನಿಜ. ಆದರೆ ಆ ಮಗು ಈ ಮನೆಗೆ ಬರುವ ಮೊದಲೇ ಒಂದು ಪಾಠ ಕಲಿತು ಬಂದಿದೆ.

ಕೂಸು ಅಳುತ್ತದೆ, ಯಾರೋ ಬರುತ್ತಾರೆ, ಹಾಲು ಕೊಡುತ್ತಾರೆ, ಎತ್ತಿಕೊಳ್ಳುತ್ತಾರೆ. ದಿನಕ್ಕೆ ಹತ್ತಾರು ಸಲ, ತಿಂಗಳುಗಟ್ಟಲೆ ಹೀಗೆ ನಡೆದರೆ 'ಕರೆದರೆ ಬರುತ್ತಾರೆ' ಎನ್ನುವ ನಂಬಿಕೆ ಬಲಿಯುತ್ತದೆ. ನಾವು ಅಟ್ಯಾಚ್‌ಮೆಂಟ್ ಅನ್ನುವುದು ಇದನ್ನೇ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯಲ್ಲೇ, ಮಗುವಿಗೆ ತಾಯಿ ಅಥವಾ ತಾಯಿಯ ಜಾಗದಲ್ಲಿ ನಿಂತ ಒಬ್ಬರ ಜೊತೆ ಕಡಿಯದ ನಂಟು ಬೇಕು ಎಂದಿದ್ದರು. ಅತ್ತರೂ ಯಾರೂ ಬರದಿದ್ದರೆ ಅಥವಾ ಬಂದವರೇ ಹೊಡೆದರೆ, ಮಗು ಇನ್ನೊಂದು ಪಾಠ ಕಲಿಯುತ್ತದೆ: ದೊಡ್ಡವರನ್ನು ನಂಬಬೇಡ, ನಿನ್ನದು ನೀನೇ ನೋಡಿಕೋ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಡತನ ಬೇರೆ, ನಿರ್ಲಕ್ಷ್ಯ ಬೇರೆ. ತೋಟದಲ್ಲಿ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸು ಅತ್ತಾಗ ಕೆಲಸ ಬಿಟ್ಟು ಓಡಿ ಬರುವ ತಾಯಿಯ ಮಗುವಿಗೆ ಈ ತೊಂದರೆ ಬರುವುದಿಲ್ಲ. ತೋಟದ ಕೆಲಸಗಾರರ ಸಾಲು ಮನೆ, ಅಂದರೆ ಲೈನ್ ಮನೆ ನೋಡಿದ ತಕ್ಷಣ 'ಸರಿಯಾಗಿ ನೋಡ್ಕೊಳ್ಳಲ್ಲ' ಎಂದು ಷರಾ ಬರೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ದೊಡ್ಡ ಬಂಗಲೆಗಳಲ್ಲೂ ಒಂಟಿಯಾಗಿ ಬೆಳೆದ ಮಕ್ಕಳಿದ್ದಾರೆ.

ಒಂದು ಉದಾಹರಣೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸೋಮವಾರಪೇಟೆ ಕಡೆಯ ಆರು ವರ್ಷದ ಹುಡುಗಿ, ದೊಡ್ಡಮ್ಮನ ಮನೆಯಲ್ಲಿದ್ದಾಳೆ. ಅಕ್ಕಿ ರೊಟ್ಟಿ ಕದ್ದು ಸ್ಕೂಲ್ ಬ್ಯಾಗಿನಲ್ಲಿ, ಹಾಸಿಗೆ ಕೆಳಗೆ ಬಚ್ಚಿಡುತ್ತಿದ್ದಳು. ಮಳೆಗಾಲದಲ್ಲಿ ಅದು ಬೂಸ್ಟು ಹಿಡಿದು, ಇರುವೆ ಮುತ್ತಿ ಮನೆಯಲ್ಲಿ ರಂಪ. ಎರಡೇಟು ಬಿದ್ದವು. ಕದಿಯುವುದು ಇನ್ನೂ ಜಾಸ್ತಿಯಾಯಿತು. ಆಗಲೇಬೇಕಲ್ಲ? ನಾಳೆ ಊಟ ಇರುತ್ತೋ ಇಲ್ಲವೋ ಎಂಬ ಹೆದರಿಕೆಗೆ ಏಟು ಬಿದ್ದರೆ ಹೆದರಿಕೆ ಎರಡಾಗುತ್ತದೆ.

ನಾನು ಹೇಳಿದ್ದು ಇಷ್ಟು. ಮುಚ್ಚಳದ ಒಂದು ಸ್ಟೀಲ್ ಡಬ್ಬಿ ತನ್ನಿ, ಅವಳ ಹೆಸರು ಬರೆಯಿರಿ. ರಾತ್ರಿ ಊಟ ಮುಗಿದ ಮೇಲೆ ಅವಳ ಎದುರಿಗೇ ಅದರಲ್ಲಿ ಒಂದಿಷ್ಟು ಬಿಸ್ಕೆಟ್, ಒಂದು ಬಾಳೆಹಣ್ಣು ಇಟ್ಟು ಹಾಸಿಗೆ ಪಕ್ಕದಲ್ಲಿಡಿ. ಯಾವಾಗ ಬೇಕಾದರೂ ತಿನ್ನಬಹುದು, ಕೇಳುವ ಹಾಗಿಲ್ಲ. ತುಂಟತನ ಮಾಡಿದ ದಿನವೂ ಡಬ್ಬಿ ತುಂಬಲೇಬೇಕು. ಶಿಕ್ಷೆ ಅಂತ ಅದನ್ನು ಕಿತ್ತುಕೊಂಡರೆ ಕಥೆ ಮುಗಿಯಿತು. ಶುರುವಿನಲ್ಲಿ ಹುಡುಗಿ ಡಬ್ಬಿ ಪೂರ್ತಿ ಖಾಲಿ ಮಾಡಿದಳು, ಮೇಲೆ ರೊಟ್ಟಿಯನ್ನೂ ಕದ್ದಳು. ಆಮೇಲಾಮೇಲೆ ಬೆಳಿಗ್ಗೆ ಡಬ್ಬಿಯಲ್ಲಿ ಬಿಸ್ಕೆಟ್ ಉಳಿಯತೊಡಗಿತು.

ಇನ್ನೊಂದು ಬಗೆಯ ಮಕ್ಕಳನ್ನು ಯಾರೂ ನನ್ನ ಹತ್ತಿರ ಕರೆತರುವುದೇ ಇಲ್ಲ. ಅವರು ಮೊದಲ ಸಲ ನೋಡಿದವರ ತೊಡೆ ಏರುತ್ತಾರೆ, ಹೋಂಸ್ಟೇಗೆ ಬಂದ ಟೂರಿಸ್ಟ್ ಕೈ ಹಿಡಿದು ಹೊರಟುಬಿಡುತ್ತಾರೆ, ಹಿಂತಿರುಗಿ ಕೂಡ ನೋಡುವುದಿಲ್ಲ. 'ಎಷ್ಟು ಚೂಟಿ, ಎಲ್ಲರ ಜೊತೆ ಬೆರೆಯುತ್ತೆ' ಎಂದು ಮನೆಯವರಿಗೆ ಖುಷಿ. ಚಿಕ್ಕಂದಿನಲ್ಲಿ ನಿರ್ಲಕ್ಷ್ಯ ಅನುಭವಿಸಿದ ಮಗು ಹೀಗೆ ಮಾಡಿದರೆ ನನಗೆ ಭಯ. ನಮ್ಮವರು ಯಾರು, ಹೊರಗಿನವರು ಯಾರು ಎಂಬ ಗೆರೆಯೇ ಅದಕ್ಕೆ ಮೂಡಿಲ್ಲ. ಬೈಯಬೇಡಿ. ಮುದ್ದು ಮಾಡುವುದು, ಉಣಿಸುವುದು, ಗಾಯಕ್ಕೆ ಔಷಧಿ ಹಚ್ಚುವುದು ಸದ್ಯಕ್ಕೆ ಮನೆಯ ಒಬ್ಬಿಬ್ಬರ ಕೈಯಲ್ಲೇ ಇರಲಿ.

ಮಾತು ಕೇಳದ ಮಗುವನ್ನೆಲ್ಲ ಈ ಪಟ್ಟಿಗೆ ಸೇರಿಸಬೇಡಿ. ಅಟ್ಯಾಚ್‌ಮೆಂಟ್ ಕಾಯಿಲೆ ಎಂದು ವೈದ್ಯರು ನಿಜವಾಗಿ ಹೆಸರಿಡುವ ಮಕ್ಕಳು ತೀರಾ ಕಡಿಮೆ. ಕಿವಿ ಸೋರಿ ಸೋರಿ ಸರಿಯಾಗಿ ಕೇಳಿಸದ ಮಗು, ಆಟಿಸಂ ಇರುವ ಮಗು, ರಕ್ತಹೀನತೆಯಿಂದ ಮಂಕಾದ ಮಗು ಕೂಡ ಕರೆದರೆ ತಿರುಗಿ ನೋಡದಿರಬಹುದು. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.

ಗದರಿಕೆಯಲ್ಲಿ ನಾನು ಪೂರ್ತಿ ನಿಲ್ಲಿಸಿ ಎನ್ನುವುದು ಒಂದನ್ನು: 'ಹಾಸ್ಟೆಲ್‌ಗೆ ಹಾಕ್ತೀನಿ, ನಿಮ್ಮಪ್ಪನ ಹತ್ರ ವಾಪಸ್ ಕಳಿಸ್ತೀನಿ.' ಬೇರೆ ಮಕ್ಕಳಿಗೆ ಅದು ಸುಮ್ನೆ ಮಾತು. ಈ ಮಕ್ಕಳಿಗೆ ಅದು ಒಮ್ಮೆ ನಡೆದುಹೋದ ಸಂಗತಿ. ಮನೆಯಿಂದ ಮನೆಗೆ ದಾಟಿಸುವುದೂ ಅಷ್ಟೇ ಕೆಟ್ಟದ್ದು. ಕಾಫಿ ಕೊಯ್ಲು ಮುಗಿಯುವವರೆಗೆ ಅಜ್ಜಿ ಮನೆ, ಬೇಸಿಗೆ ರಜೆಗೆ ಮಾವನ ಮನೆ, ಜೂನಿಗೆ ಹೊಸ ಶಾಲೆ ಎಂದರೆ ಮಗು ಯಾರನ್ನು ಹಚ್ಚಿಕೊಳ್ಳಬೇಕು? ರೊಮೇನಿಯಾದ ಬುಕಾರೆಸ್ಟಿನಲ್ಲಿ ಅನಾಥಾಲಯದ 136 ಪುಟ್ಟ ಮಕ್ಕಳ ಅಧ್ಯಯನ ನಡೆದಿದೆ. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟರು. ಅವರ ನಂಟು ಸುಧಾರಿಸಿತು. ಎರಡು ವರ್ಷದೊಳಗೆ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ತಡವಾದರೆ ಕಷ್ಟ ಜಾಸ್ತಿ, ಹಾಗಂತ ಬಾಗಿಲು ಮುಚ್ಚುವುದಿಲ್ಲ.

ದಿನಚರಿ ಒಂದೇ ಥರ ಇದ್ದಷ್ಟೂ ಒಳ್ಳೆಯದು. ಜುಲೈ ತಿಂಗಳಲ್ಲಿ ಡಿಸಿ ಮಳೆ ರಜೆ ಕೊಟ್ಟರೆ ಉಳಿದ ಮಕ್ಕಳು ಕುಣಿಯುತ್ತಾರೆ, ಈ ಮಕ್ಕಳು ಕಂಗಾಲಾಗುತ್ತಾರೆ. ಕರೆಂಟೂ ಹೋದರೆ ಕೇಳುವುದೇ ಬೇಡ. ಅಂಥ ದಿನಕ್ಕೂ ಒಂದು ಕ್ರಮ ಮೊದಲೇ ಹೇಳಿಡಿ: ತಿಂಡಿ ಅದೇ ಹೊತ್ತಿಗೆ, ಆಮೇಲೆ ಒಲೆ ಹತ್ತಿರ ಕೂತು ಚಿತ್ರ ಬರೆಯುವುದು, ಸಂಜೆ ನಾನು ಇಲ್ಲೇ ಇರ್ತೀನಿ. ಮಗು ರಂಪ ಮಾಡಿದರೆ ಕೋಣೆಗೆ ಕೂಡಿಹಾಕಬೇಡಿ. ಸ್ವಲ್ಪ ದೂರದಲ್ಲಿ, ಕಣ್ಣಿಗೆ ಕಾಣುವ ಹಾಗೆ ಕೂತಿರಿ. ನೀವೇ ಕೂಗಾಡಿದರೆ, ತಣ್ಣಗಾದ ಮೇಲೆ ಹೋಗಿ 'ಜೋರಾಗಿ ಕಿರುಚಿಬಿಟ್ಟೆ, ತಪ್ಪಾಯ್ತು ಕಂದಾ' ಅನ್ನಿ. ಜಗಳದ ಮೇಲೂ ಇವರು ಬಿಟ್ಟು ಹೋಗಲ್ಲ ಅನ್ನುವುದು ಮಗುವಿಗೆ ಗೊತ್ತಾಗುವುದು ಆಗಲೇ.

ಬಲವಂತವಾಗಿ ಅಪ್ಪಿ ಹಿಡಿಯುವ 'ಚಿಕಿತ್ಸೆ'ಗಳ ವಿಡಿಯೊ ನೋಡಿ ಪ್ರಯೋಗ ಮಾಡಲು ಹೋಗಬೇಡಿ. 2000ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಇಂಥದೇ ಹೆಸರಿನಲ್ಲಿ ಬಟ್ಟೆಯಲ್ಲಿ ಸುತ್ತಿ ಅದುಮಿ ಹಿಡಿದಿದ್ದ 10 ವರ್ಷದ ಹುಡುಗಿ ಉಸಿರುಗಟ್ಟಿ ಸತ್ತಳು.

ಮಗು ಸುಧಾರಿಸುವಾಗ ಮನೆಯವರಿಗೆ ಕೆಟ್ಟಂತೆಯೇ ಕಾಣುವುದುಂಟು. ಬಿದ್ದು ಮಂಡಿ ತರಚಿದರೂ ಅಳದಿದ್ದವಳು ಈಗ ಸಣ್ಣದಕ್ಕೂ ದೊಡ್ಡಮ್ಮನನ್ನೇ ಹುಡುಕಿಕೊಂಡು ಬಂದು ಅಳುತ್ತಾಳೆ, ಬಚ್ಚಲಿಗೂ ಹಿಂದೆ ಬರುತ್ತಾಳೆ. 'ಹಟ ಜಾಸ್ತಿಯಾಗಿದೆ' ಎಂದು ದೊಡ್ಡಮ್ಮ ದೂರು ಹೇಳಿದ ದಿನ ನನಗೆ ಸಮಾಧಾನವಾಯಿತು.

ನೋಡಿಕೊಳ್ಳುವವರು ಸುಸ್ತಾಗುತ್ತಾರೆ, ಅದೂ ಸಹಜ. ಮಗುವನ್ನು ಬೇರೆ ಕಡೆ ಕಳಿಸುವ ಬದಲು ತಂಗಿಯನ್ನೋ ಅತ್ತಿಗೆಯನ್ನೋ ನಾಲ್ಕು ದಿನ ನಿಮ್ಮ ಮನೆಗೇ ಕರೆಸಿಕೊಳ್ಳಿ. ಬಂಧುಗಳ ಮನೆಯಲ್ಲಿ ಬೆಳೆಯುವ ಅರ್ಹ ಮಕ್ಕಳಿಗೆ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಮಗುವಿಗೆ ಈಗಲೂ ಹಿಂಸೆ ನಡೆಯುತ್ತಿದೆ ಎಂಬ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ತಿಳಿಸುವುದು ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ನೆಂಟರ ಮರ್ಯಾದೆ ಎಂದು ಮುಚ್ಚಿಡುವ ಹಾಗಿಲ್ಲ.