ಕುತ್ತಿಗೆಯಲ್ಲಿ ಗಂಟು, ಬಿಡದ ಜ್ವರ: ಬಯಾಪ್ಸಿ ಬೇಕೇ ಬೇಕಾ?

ಪ್ರಶ್ನೆ: ತಂಗಿಗೆ 24 ವರ್ಷ. ಮೂರು ವಾರದಿಂದ ಜ್ವರ, ಕುತ್ತಿಗೆಯಲ್ಲಿ ನೋಯುವ ಗಂಟುಗಳು. ಸೂಜಿ ಪರೀಕ್ಷೆಯಲ್ಲಿ ಏನೂ ಖಚಿತವಾಗಲಿಲ್ಲ. ಈಗ ಗಂಟನ್ನೇ ತೆಗೆದು ನೋಡಬೇಕು ಅನ್ನುತ್ತಿದ್ದಾರೆ. ಅದರ ಬದಲು ಟಿಬಿ ಮಾತ್ರೆ ಶುರು ಮಾಡಿದರೆ ಆಗಲ್ವಾ?

ಉತ್ತರ: ತೆಗೆಸಿ. ನಮ್ಮಲ್ಲಿ ಇಂಥ ಗಂಟು ಕಂಡರೆ ಮೊದಲು ಟಿಬಿ ನೆನಪಾಗುವುದು ಸಹಜ. ಮನೆಯವರು ಬಾಯಿಬಿಟ್ಟು ಹೇಳದ ಇನ್ನೊಂದು ಭಯ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್. ಇವೆರಡರ ಹಾಗೆಯೇ ಕಾಣುವ, ಆದರೆ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವ ಅಪರೂಪದ ಕಾಯಿಲೆಯೊಂದಿದೆ: ಕಿಕುಚಿ ಕಾಯಿಲೆ. 1972ರಲ್ಲಿ ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಇದನ್ನು ಬೇರೆಬೇರೆಯಾಗಿ ಗುರುತಿಸಿದರು. 40ರ ಒಳಗಿನವರಲ್ಲಿ, ಏಷ್ಯಾದವರಲ್ಲಿ ಜಾಸ್ತಿ.

ರಕ್ತ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಬಿಳಿ ರಕ್ತಕಣ ಕಡಿಮೆ, ಇಎಸ್‌ಆರ್ (ಮೈಯಲ್ಲಿ ಉರಿಯೂತ ಇದೆ ಅಂತ ತೋರಿಸುವ ರಕ್ತ ಪರೀಕ್ಷೆ) ಜಾಸ್ತಿ ಇರಬಹುದು, ಅಷ್ಟೇ. ಸೂಜಿಯಲ್ಲಿ ಬರುವುದು ಒಂದಿಷ್ಟು ಬಿಡಿ ಜೀವಕೋಶ. ಗಂಟಿನೊಳಗೆ ಯಾವುದು ಎಲ್ಲಿದೆ ಅಂತ ಅದರಲ್ಲಿ ಗೊತ್ತಾಗದು. ಇಡೀ ಗಂಟು ಸಿಕ್ಕರೆ ಪೆಥಾಲಜಿಸ್ಟ್ ತೆಳುವಾಗಿ ಕೊಯ್ದು ನೋಡುತ್ತಾರೆ. ಕಿಕುಚಿಯಾದರೆ ಅಲ್ಲಲ್ಲಿ ಸತ್ತ ಭಾಗ, ಒಡೆದ ಕೋಶಗಳ ಪುಡಿ, ಅದನ್ನು ನುಂಗುತ್ತಿರುವ ಹಿಸ್ಟಿಯೊಸೈಟ್ ಎಂಬ ರಕ್ಷಣಾ ಕೋಶಗಳು ಕಾಣುತ್ತವೆ. ಇಷ್ಟೆಲ್ಲ ಹಾನಿಯಾದ ಜಾಗದಲ್ಲಿ, ಸಾಮಾನ್ಯವಾಗಿ ಅಂಥ ಕಡೆ ಮುತ್ತಿಕೊಳ್ಳುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಮಾತ್ರ ನಾಪತ್ತೆ! ದೊಡ್ಡ ಸುಳಿವು ಅದೇ. ಲಿಂಫೋಮಾ ಅನುಮಾನ ಉಳಿದರೆ ಐಎಚ್‌ಸಿ ಪರೀಕ್ಷೆ (ವಿಶೇಷ ಬಣ್ಣ ಹಾಕಿ ಯಾವ ಬಗೆಯ ಕೋಶ ಅಂತ ಗುರುತಿಸುವುದು) ಮಾಡಿಸುತ್ತಾರೆ.

ಆಪರೇಷನ್‌ಗೆ ಮುಂಚೆ ಸರ್ಜನ್‌ಗೆ ಒಂದು ಮಾತು ಕೇಳಿ: ಒಂದು ತುಂಡನ್ನು ಸಲೈನ್‌ನಲ್ಲಿ ಹಾಕಿ ಟಿಬಿ ಕಲ್ಚರ್‌ಗೆ (ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ ನೋಡುವುದು), ಸಿಬಿನಾಟ್‌ಗೆ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಕಳಿಸುತ್ತೀರಾ ಅಂತ. ಎಲ್ಲವೂ ಫಾರ್ಮಲಿನ್ (ತುಂಡು ಕೆಡದಂತೆ ಇಡುವ, ರೋಗಾಣುಗಳನ್ನೂ ಕೊಲ್ಲುವ ದ್ರಾವಣ) ಡಬ್ಬಿಗೆ ಹೋದರೆ ಕಲ್ಚರ್ ಮಾಡೋಕಾಗಲ್ಲ.

ಇನ್ನು ಮಾತ್ರೆ ವಿಷಯ. ಕಿಕುಚಿ ಸಾಮಾನ್ಯವಾಗಿ 1ರಿಂದ 4 ತಿಂಗಳಲ್ಲಿ ತಾನೇ ಇಳಿಯುತ್ತದೆ. ಆ ಹೊತ್ತಿಗೆ ಟಿಬಿ ಮಾತ್ರೆ ನುಂಗುತ್ತಿದ್ದರೆ, ಮಾತ್ರೆಯಿಂದಲೇ ವಾಸಿಯಾಯಿತು ಅಂದುಕೊಂಡು 6 ತಿಂಗಳು ಸುಮ್ನೆ ಮುಂದುವರಿಸುತ್ತೀರಿ, ಅಲ್ವಾ? ಲಿವರ್‌ಗೆ ಬೀಳುವ ಹೊರೆ ಬೇರೆ. ಸ್ಟೀರಾಯ್ಡ್ ಇನ್ನೂ ಅಪಾಯ. ಬಯಾಪ್ಸಿಗೆ ಮುಂಚೆ ಕೊಟ್ಟರೆ ಲಿಂಫೋಮಾದ ಗಂಟೂ ಸ್ವಲ್ಪ ಕಾಲ ಕರಗಿ, ರೋಗ ಮರೆಯಾಗಬಹುದು.

ಕಿಕುಚಿ ಅಂತ ಖಚಿತವಾದರೆ ಹೆಚ್ಚಿನವರಿಗೆ ಜ್ವರ, ನೋವಿಗೆ ಪ್ಯಾರಸಿಟಮಾಲ್‌ನಂಥ ಮಾತ್ರೆ ಸಾಕು. ತೀವ್ರವಾಗಿದ್ದರೆ ಮಾತ್ರ ಸ್ಟೀರಾಯ್ಡ್. ಕೆಲವರಿಗೆ ಜೊತೆಯಲ್ಲೋ ಆಮೇಲೋ ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ದಾಳಿ ಮಾಡುವ ಕಾಯಿಲೆ) ಕಾಣಿಸಿಕೊಳ್ಳುವುದುಂಟು. ಹಾಗಾಗಿ ಅದರ ಸುಳಿವು ಕೊಡುವ ಎಎನ್‌ಎ ರಕ್ತ ಪರೀಕ್ಷೆ ಮಾಡಿಸಿ. ಮುಂದೆ ಯಾವಾಗಲಾದರೂ ಕೀಲುನೋವು, ಮುಖದ ಮೇಲೆ ದದ್ದು ಬಂದರೆ ಈ ಬಯಾಪ್ಸಿ ವರದಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.